ದಿಶಾಂಕ್ ಗೆರೆ ತೋಟದೊಳಗೆ ಬಂದಿದೆ, ಬೇಲಿ ಸರಿಸಬೇಕೆ?

ಪ್ರಶ್ನೆ: ತಿಪಟೂರು ತಾಲ್ಲೂಕಿನಲ್ಲಿ ನಮ್ಮದು ತೆಂಗಿನ ತೋಟ. ಪಕ್ಕದ ಸರ್ವೆ ನಂಬರಿನವರು ಮೊಬೈಲಿನಲ್ಲಿ ದಿಶಾಂಕ್ ಆಪ್ ತೆರೆದು ತೋರಿಸಿದರು. ಗಡಿ ಗೆರೆ ನಮ್ಮ ಬೇಲಿಯಿಂದ ಸುಮಾರು 30 ಅಡಿ ಒಳಗೆ, ಮೊದಲ ಸಾಲಿನ ತೆಂಗನ್ನು ದಾಟಿ ಬರುತ್ತಿದೆ. ‘ಸರ್ಕಾರದ ನಕ್ಷೆಯೇ ಹೇಳುತ್ತಿದೆ, ಬೇಲಿ ಸರಿಸಿ’ ಅನ್ನುತ್ತಿದ್ದಾರೆ. ಬೆಳೆ ಸಮೀಕ್ಷೆಗೆ ಬಂದ ಹುಡುಗನೂ ಆ ಸಾಲಿನಲ್ಲಿ ನಿಂತು ಫೋಟೊ ತೆಗೆಯಲು ಹೋದರೆ ‘ನೀವು ಜಮೀನಿನ ಹೊರಗಿದ್ದೀರಿ’ ಎಂದು ಬರುತ್ತದೆ ಅನ್ನುತ್ತಾನೆ. ಈ ನಕ್ಷೆ ಹೇಗೆ ಮಾಡುತ್ತಾರೆ? ಎಷ್ಟು ನಂಬಬಹುದು? ನಾವೀಗ ಏನು ಮಾಡಬೇಕು?

ಉತ್ತರ:

ಬೇಲಿ ಸರಿಸಬೇಡಿ. ಹಾಗೆಂದು ಪಕ್ಕದವರ ಮಾತನ್ನು ಪೂರ್ತಿ ತಳ್ಳಿಹಾಕಲೂ ಬೇಡಿ. ಅವರು ಹೇಳುವುದು ನಿಜವೋ ಅಲ್ಲವೋ ಎಂಬುದು ಆಪ್‌ನಿಂದ ತೀರ್ಮಾನವಾಗುವ ವಿಷಯವಲ್ಲ. ಅದಕ್ಕೆ ಬೇರೆ ದಾಖಲೆ ಇದೆ, ಬೇರೆ ದಾರಿ ಇದೆ. ಅದನ್ನು ಹೇಳುವ ಮೊದಲು ಆ ಗೆರೆ ನಿಮ್ಮ ಮೊಬೈಲಿಗೆ ಎಲ್ಲಿಂದ ಬಂತು ಅನ್ನುವುದನ್ನು ನೋಡೋಣ. ಅದು ತಿಳಿದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ದಿಶಾಂಕ್ ಅನ್ನು ರೂಪಿಸಿದ್ದು ಭೂಮಾಪನ ಇಲಾಖೆ ಮತ್ತು ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ. ಈ ಕೇಂದ್ರ ಶುರುವಾದದ್ದು 1986ರಲ್ಲಿ. ಉಪಗ್ರಹ ಚಿತ್ರ, ಕೆರೆ, ರಸ್ತೆ, ಅರಣ್ಯ, ಗ್ರಾಮ ಗಡಿ, ಸರ್ವೆ ನಂಬರಿನ ಗಡಿ ಇವನ್ನೆಲ್ಲ ಪದರ ಪದರವಾಗಿ ಒಂದರ ಮೇಲೊಂದು ಇಟ್ಟು ರಾಜ್ಯದ ಇಲಾಖೆಗಳಿಗೆ ಒದಗಿಸುವುದು ಅದರ ಕೆಲಸ. ನೀವು ನೋಡಿದ ಗೆರೆ ಅಂಥ ಒಂದು ಪದರ. ಆ ಪದರವನ್ನು ಯಾರೂ ನಿಮ್ಮ ತೋಟಕ್ಕೆ ಬಂದು ಅಳೆದು ಮಾಡಿದ್ದಲ್ಲ. ಹಳೆಯ ಗ್ರಾಮ ನಕ್ಷೆಯನ್ನು ಸ್ಕ್ಯಾನ್ ಮಾಡಿ, ಅದರ ಗೆರೆಗಳ ಮೇಲೆ ಕಂಪ್ಯೂಟರಿನಲ್ಲಿ ತಿದ್ದಿ, ಉಪಗ್ರಹ ಚಿತ್ರದ ಮೇಲೆ ಕೂರಿಸಿದ್ದು.

ಗ್ರಾಮ ನಕ್ಷೆಯಾದರೂ ಮೂಲ ಅಳತೆಯಲ್ಲ. ಮೈಸೂರು ಸೀಮೆಯಲ್ಲಿ ಕಂದಾಯ ಸರ್ವೆ ಆರಂಭವಾದದ್ದು 1863ರಲ್ಲಿ. ಆಗ ಮೋಜಣಿದಾರರು ಪ್ರತಿ ಹೊಲಕ್ಕೂ ಹೋಗಿ, ಸರಪಳಿ ಎಳೆದು, ಅಳತೆಯನ್ನು ಒಂದು ಹಾಳೆಯಲ್ಲಿ ಬರೆದುಕೊಂಡರು. ಅದೇ ಟಿಪ್ಪಣಿ. ಟಿಪ್ಪಣಿಗಳನ್ನು ಜೋಡಿಸಿ, ಅಳತೆಗೆ ತಕ್ಕಂತೆ ಚಿಕ್ಕದು ಮಾಡಿ ಬರೆದದ್ದು ಗ್ರಾಮ ನಕ್ಷೆ. ಅಂದರೆ ಆಪ್‌ನ ಗೆರೆ ನಕಲಿನ ನಕಲು. ಟಿಪ್ಪಣಿಯಿಂದ ಗ್ರಾಮ ನಕ್ಷೆಗೆ ಒಮ್ಮೆ, ಗ್ರಾಮ ನಕ್ಷೆಯಿಂದ ಕಂಪ್ಯೂಟರಿಗೆ ಇನ್ನೊಮ್ಮೆ ಅದು ಬದಲಾಗಿದೆ.

ಈಗ ನಿಮ್ಮ 30 ಅಡಿಯನ್ನೇ ತೆಗೆದುಕೊಳ್ಳಿ. ನಿಮ್ಮ ಭಾಗದ ಗ್ರಾಮ ನಕ್ಷೆಗಳು ಸಾಮಾನ್ಯವಾಗಿ 1:7920 ಪ್ರಮಾಣದವು. ನಕ್ಷೆಯ 1 ಅಂಗುಲ ನೆಲದ ಮೇಲೆ 660 ಅಡಿ. 1 ಮಿಲಿಮೀಟರ್ ಅಂದರೆ ಸುಮಾರು 7.9 ಮೀಟರ್, 26 ಅಡಿ. ನಿಮ್ಮ ಇಡೀ ತಕರಾರು ಆ ಕಾಗದದ ಮೇಲೆ 1.15 ಮಿಲಿಮೀಟರ್ ಅಗಲದ್ದು. ಮಸಿಯಲ್ಲಿ ಎಳೆದ ಗೆರೆಯ ದಪ್ಪವೇ 0.3 ಮಿಲಿಮೀಟರ್ ಇದ್ದರೆ ನೆಲದ ಮೇಲೆ ಅದು ಎರಡೂವರೆ ಮೀಟರ್ ಹತ್ತಿರ ಆಗುತ್ತದೆ. ಗೆರೆಯ ಬಲ ಅಂಚೋ ಎಡ ಅಂಚೋ ಎಂದು ಕೇಳಿದರೂ ಎಂಟಡಿ ಅತ್ತಿತ್ತ.

ಕಾಗದ ಕೂಡ ಸುಮ್ಮನಿರುವುದಿಲ್ಲ. ದಶಕಗಟ್ಟಲೆ ಮಡಚಿಟ್ಟ ಹಾಳೆ ಒಂದು ಕಡೆ ಹಿಗ್ಗುತ್ತದೆ, ಒಂದು ಕಡೆ ಕುಗ್ಗುತ್ತದೆ. 60 ಸೆಂಟಿಮೀಟರ್ ಅಗಲದ ನಕ್ಷೆ ಶೇಕಡ ಅರ್ಧದಷ್ಟು ಕುಗ್ಗಿದ್ದರೂ 3 ಮಿಲಿಮೀಟರ್ ಹೋಯಿತು. ನೆಲದ ಮೇಲೆ ಅದು ಸುಮಾರು 24 ಮೀಟರ್.

ಆಮೇಲೆ ಕೂರಿಸುವ ಕೆಲಸ, ಇಲಾಖೆಯವರ ಬಾಯಲ್ಲಿ ಜಿಯೋರೆಫರೆನ್ಸಿಂಗ್. ಹಳೆಯ ಗ್ರಾಮ ನಕ್ಷೆಯಲ್ಲಿ ಅಕ್ಷಾಂಶ ರೇಖಾಂಶ ಇಲ್ಲ. ಹಾಗಾಗಿ ನಕ್ಷೆಯಲ್ಲೂ ಉಪಗ್ರಹ ಚಿತ್ರದಲ್ಲೂ ಒಂದೇ ಥರ ಗುರುತು ಸಿಗುವ ಜಾಗಗಳನ್ನು ಹುಡುಕಬೇಕು: ಕೆರೆ ಏರಿಯ ತುದಿ, ಹಳೆಯ ರಸ್ತೆಯ ತಿರುವು, ದೇವಸ್ಥಾನ, ಮೂರು ಗ್ರಾಮಗಳ ಗಡಿ ಕೂಡುವ ಕಲ್ಲು. ಇಂಥ ಬಿಂದುಗಳನ್ನು ಹೊಂದಿಸಿದ ಮೇಲೆ ಮಿಕ್ಕ ಗೆರೆಗಳೆಲ್ಲ ಅವುಗಳ ಹಿಂದೆ ಹೋಗುತ್ತವೆ. ಈ ಕೆಲಸಕ್ಕೆ ಹೆಚ್ಚಾಗಿ ಒದಗಿದ್ದು 2005ರಲ್ಲಿ ಹಾರಿಸಿದ ಕಾರ್ಟೊಸ್ಯಾಟ್-1ರಂಥ ಉಪಗ್ರಹಗಳ ಚಿತ್ರ. ಅದರಲ್ಲಿ ಒಂದು ಚುಕ್ಕೆ ನೆಲದ ಮೇಲೆ 2.5 ಮೀಟರ್. ಕೂರಿಸುವವನು ಎರಡು ಚುಕ್ಕೆ ಅತ್ತ ಒತ್ತಿದರೆ 5 ಮೀಟರ್ ಹೋಯಿತು. ಕೆರೆ ಏರಿಯನ್ನು ನಡುವೆ ಯಾವತ್ತೋ ಅಗಲ ಮಾಡಿದ್ದರೆ, ರಸ್ತೆಯ ತಿರುವನ್ನು ನೇರ ಮಾಡಿದ್ದರೆ, ಬಿಂದುವೇ ತಪ್ಪು.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಒಂದು ಗ್ರಾಮದ ನಕ್ಷೆಯನ್ನು ಪಕ್ಕದ ಗ್ರಾಮದ ನಕ್ಷೆಗೆ ತಾಗಿಸಿದಾಗ ಎರಡರ ಗಡಿ ಸರಿಯಾಗಿ ಕೂಡುವುದೇ ಅಪರೂಪ. ಕೆಲವೆಡೆ ಮಧ್ಯೆ ಸಂದು ಬೀಳುತ್ತದೆ, ಕೆಲವೆಡೆ ಒಂದರ ಮೇಲೊಂದು ಹತ್ತುತ್ತದೆ. ಇಡೀ ರಾಜ್ಯದ ನಕ್ಷೆ ಒಂದೇ ಹಾಳೆಯಂತೆ ಕಾಣಬೇಕಾದರೆ ಅದನ್ನು ಎಳೆದು ಜಗ್ಗಿ ಸೇರಿಸಬೇಕು. ರಬ್ಬರ್ ಹಾಳೆಯನ್ನು ಜಗ್ಗಿದಂತೆ ಅಂದುಕೊಳ್ಳಿ: ಅಂಚು ಕೂಡುತ್ತದೆ, ಆದರೆ ಒಳಗಿನ ಹೊಲಗಳ ಆಕಾರ, ವಿಸ್ತೀರ್ಣ ಎರಡೂ ಸ್ವಲ್ಪ ಸ್ವಲ್ಪ ಕೆಡುತ್ತವೆ. ನಿಮ್ಮ ತೋಟ ಗ್ರಾಮದ ಅಂಚಿನಲ್ಲಿದ್ದರೆ ಈ ಜಗ್ಗಾಟದ ಪಾಲು ನಿಮಗೆ ಹೆಚ್ಚು ಬಿದ್ದಿರುತ್ತದೆ. ಆಪ್‌ನಲ್ಲಿ ಅಳೆದ ವಿಸ್ತೀರ್ಣವೂ ಪಹಣಿಯ ವಿಸ್ತೀರ್ಣವೂ ಹೊಂದದಿರಲು ಇದೇ ದೊಡ್ಡ ಕಾರಣ.

ಕೊನೆಯದು ನಿಮ್ಮ ಕೈಯಲ್ಲಿರುವ ಮೊಬೈಲ್. ಬಯಲಿನಲ್ಲಿ ಅದರ ಜಿಪಿಎಸ್ ತಪ್ಪು 3ರಿಂದ 5 ಮೀಟರ್. ತೆಂಗಿನ ಗರಿಗಳ ಕೆಳಗೆ ಇನ್ನೂ ಹೆಚ್ಚು.

ಈ ತಪ್ಪುಗಳೆಲ್ಲ ಒಂದೇ ದಿಕ್ಕಿಗೆ ಬೀಳುವುದಿಲ್ಲ, ಹಾಗಾಗಿ ನೇರವಾಗಿ ಕೂಡುವಂತಿಲ್ಲ. ಪ್ರತಿಯೊಂದನ್ನೂ ವರ್ಗ ಮಾಡಿ, ಕೂಡಿ, ವರ್ಗಮೂಲ ತೆಗೆಯುವುದು ಅಳತೆಯವರ ಲೆಕ್ಕ. ಕಾಗದ ಕುಗ್ಗಿದ ತಪ್ಪಿನ ಹೆಚ್ಚು ಪಾಲು ಬಿಂದು ಹೊಂದಿಸುವಾಗಲೇ ಸರಿಹೋಗುತ್ತದೆ. ಗೆರೆಯ ದಪ್ಪಕ್ಕೆ 2.4, ಬಿಂದು ಹೊಂದಿಸಿದ್ದಕ್ಕೆ 5, ಕಾಗದದ ಉಳಿದ ತಪ್ಪು ಮತ್ತು ಜಗ್ಗಾಟಕ್ಕೆ 6, ಮೊಬೈಲಿಗೆ 5 ಮೀಟರ್ ಎಂದು ಹಿಡಿದರೆ ಒಟ್ಟು 9.6 ಮೀಟರ್ ಬರುತ್ತದೆ. ನಿಮ್ಮ 30 ಅಡಿ 9.1 ಮೀಟರ್. ಅಂದರೆ ನಿಮ್ಮಲ್ಲಿ ಒಂದಿಂಚೂ ಒತ್ತುವರಿ ಇಲ್ಲದಿದ್ದರೂ ಆಪ್ ಇಷ್ಟು ವ್ಯತ್ಯಾಸ ತೋರಿಸುವುದು ಸಹಜ. ಆದರೆ ನೆಲದ ಮೇಲೆ ಇದು ಸಣ್ಣದಲ್ಲ. ಗಡಿಯ ಉದ್ದ 660 ಅಡಿ ಇದ್ದರೆ 30 ಅಡಿ ಅಗಲದ ಪಟ್ಟಿ 18 ಗುಂಟೆಗೂ ಮೇಲಾಗುತ್ತದೆ. ಒಂದು ಸಾಲು ಫಲ ಕೊಡುವ ಮರಗಳನ್ನು ಮೊಬೈಲ್ ಪರದೆ ನೋಡಿ ಬಿಟ್ಟುಕೊಡುವುದು ನ್ಯಾಯವಲ್ಲ.

ನೀವೇ ಮಾಡಬಹುದಾದ ಒಂದು ಪರೀಕ್ಷೆ ಇದೆ, ಮೊದಲು ಅದನ್ನು ಮಾಡಿ. ತಕರಾರಿನ ಬದಿ ಬಿಟ್ಟು ಎದುರು ಬದಿಯ ಬೇಲಿಗೆ ಹೋಗಿ. ಮರದ ನೆರಳಿಲ್ಲದ ಜಾಗದಲ್ಲಿ ಐದು ನಿಮಿಷ ಅಲುಗಾಡದೆ ನಿಂತು, ಮೊಬೈಲಿನ ಚುಕ್ಕಿ ಸ್ಥಿರವಾದ ಮೇಲೆ ಗೆರೆ ಎಲ್ಲಿದೆ ನೋಡಿ. ಪೂರ್ವದ ಬೇಲಿಯಲ್ಲಿ ಗೆರೆ 30 ಅಡಿ ಒಳಗೆ ಬಂದು, ಪಶ್ಚಿಮದ ಬೇಲಿಯಲ್ಲಿ ಅಷ್ಟೇ ಹೊರಗೆ ಹೋಗಿದ್ದರೆ ನಕ್ಷೆಯೇ ಪಶ್ಚಿಮಕ್ಕೆ ಜರುಗಿ ಕೂತಿದೆ ಎಂದರ್ಥ. ಆಮೇಲೆ ಊರಿನ ಕೆರೆ ಏರಿ, ಹಳೆಯ ಬಂಡಿದಾರಿ, ಯಾರೂ ತಕರಾರು ಮಾಡದ ಬಾಂದು ಕಲ್ಲು ಇರುವ ಎರಡು ಮೂರು ಕಡೆ ಹೋಗಿ ಇದನ್ನೇ ನೋಡಿ. ಎಲ್ಲ ಕಡೆ ಒಂದೇ ದಿಕ್ಕಿಗೆ ಒಂದೇ ಅಳತೆ ಜರುಗಿದ್ದರೆ ಸಂಶಯವೇ ಉಳಿಯುವುದಿಲ್ಲ. ಬೇರೆಲ್ಲೂ ಜರುಗದೆ ನಿಮ್ಮ ಒಂದು ಗಡಿಯಲ್ಲಿ ಮಾತ್ರ ಗೆರೆ ಒಳಗೆ ಬರುತ್ತಿದ್ದರೆ, ಆಗ ಪಕ್ಕದವರ ಮಾತಿಗೆ ಸ್ವಲ್ಪ ತೂಕ ಬರುತ್ತದೆ, ಸರಿಯಾಗಿ ಅಳೆಸಲೇಬೇಕು. ಈ ಪರೀಕ್ಷೆಯನ್ನು ಪಕ್ಕದವರನ್ನೂ ಕರೆದುಕೊಂಡು ಹೋಗಿ ಮಾಡುವುದು ಒಳ್ಳೆಯದು. ಅವರೇ ಕಣ್ಣಾರೆ ನೋಡಿದರೆ ಎಷ್ಟೋ ಜಗಳ ಅಲ್ಲಿಗೇ ಮುಗಿಯುತ್ತದೆ.

ಒಂದು ವಿಷಯ ಗಮನಿಸಿ. ದಿಶಾಂಕ್‌ನಲ್ಲಿ ಸಾಮಾನ್ಯವಾಗಿ ಕಾಣುವುದು ಮೂಲ ಸರ್ವೆ ನಂಬರಿನ ಹೊರಗೆರೆ. ಪಹಣಿಯಲ್ಲಿ 45/1, 45/2, 45/3 ಎಂದು ಹಿಸ್ಸಾ ಇದ್ದರೂ ನಕ್ಷೆಯಲ್ಲಿ 45 ಒಂದೇ ತುಂಡಾಗಿರಬಹುದು. ನಿಮ್ಮ ಮತ್ತು ಪಕ್ಕದವರ ನಡುವಿನದು ಹಿಸ್ಸಾ ಗಡಿಯಾಗಿದ್ದರೆ ಆಪ್‌ನಿಂದ ಏನೂ ತಿಳಿಯುವುದಿಲ್ಲ. ಹಿಸ್ಸಾ ಸರ್ವೆ ಟಿಪ್ಪಣಿ, ಪೋಡಿ (ಪಾಲು ಬೇರ್ಪಡಿಸಿ ಅಳೆಯುವುದು) ಆಗಿದ್ದರೆ ಪೋಡಿ ನಕ್ಷೆ, ಕೊಂಡ ಜಮೀನಾದರೆ ಮಾರಾಟಕ್ಕೆ ಮುಂಚೆ ಅಳೆದು ಮಾಡುವ, ಕ್ರಯಪತ್ರದ ಜೊತೆಗಿರುವ 11-ಇ ನಕ್ಷೆ, ಇವನ್ನೇ ನೋಡಬೇಕು.

ಅಸಲಿ ದಾಖಲೆ ಟಿಪ್ಪಣಿ ಅಂದೆ. ಅದನ್ನು ಓದುವುದು ಕಷ್ಟವಲ್ಲ, ಕಲಿತಿರಿ. ಹಳೆಯ ಸರಪಳಿ 33 ಅಡಿ. ಅದಕ್ಕೆ 16 ಆಣೆ, ಒಂದು ಆಣೆ ಎರಡು ಅಡಿಗಿಂತ ಚೂರು ಹೆಚ್ಚು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಜಾಗ 1,089 ಚದರ ಅಡಿ, ಅದೇ 1 ಗುಂಟೆ. ಹೊಲದ ಒಂದು ಮೂಲೆಯಿಂದ ಇನ್ನೊಂದಕ್ಕೆ ಉದ್ದಕ್ಕೆ ಒಂದು ಗೆರೆ ಹಿಡಿದು, ಅದರ ಮೇಲೆ ನಡೆಯುತ್ತಾ ಎಡಕ್ಕೆ ಬಲಕ್ಕೆ ಲಂಬವಾಗಿ ಗಡಿಯ ಮೂಲೆಗಳಿಗೆ ಅಳೆಯುತ್ತಿದ್ದರು. ಟಿಪ್ಪಣಿಯಲ್ಲಿ ಉದ್ದಗೆರೆಯ ಮೇಲೆ 6 ಸರಪಳಿ 8 ಆಣೆ, ಅಲ್ಲಿಂದ ಎಡಕ್ಕೆ 2 ಸರಪಳಿ 4 ಆಣೆ ಎಂದಿದ್ದರೆ, 214.5 ಅಡಿ ನಡೆದು ಎಡಕ್ಕೆ 74.25 ಅಡಿ ಹೋದರೆ ಗಡಿಯ ಮೂಲೆ ಸಿಗಬೇಕು. ಆ ತ್ರಿಕೋನದ ವಿಸ್ತೀರ್ಣವೂ ಬಾಯಿಲೆಕ್ಕಕ್ಕೆ ಸಿಗುತ್ತದೆ: ಆರೂವರೆಯನ್ನು ಎರಡೂಕಾಲರಿಂದ ಗುಣಿಸಿ ಅರ್ಧ ಮಾಡಿದರೆ 7 ಗುಂಟೆ 5 ಆಣೆ. ಇಂಥ ತುಂಡುಗಳೆಲ್ಲ ಸೇರಿ ಆಕಾರಬಂದ್‌ನ, ಅಂದರೆ ಸರ್ವೆ ನಂಬರುಗಳ ವಿಸ್ತೀರ್ಣ ಬರೆದಿಟ್ಟ ದಾಖಲೆಯ, ವಿಸ್ತೀರ್ಣಕ್ಕೆ ಬರಬೇಕು. ಗ್ರಾಮ ನಕ್ಷೆ ಎಂಟಡಿಯನ್ನು ಗೆರೆಯ ದಪ್ಪದಲ್ಲೇ ನುಂಗುತ್ತದೆ, ಟಿಪ್ಪಣಿ ಎರಡಡಿಯ ಆಣೆಯವರೆಗೆ ಲೆಕ್ಕ ಇಡುತ್ತದೆ. ನಿಮ್ಮ ತಕರಾರು ತೀರ್ಮಾನವಾಗಬೇಕಾದದ್ದು ಈ ಕಾಗದದ ಮೇಲೆ.

ಹಾಗಾಗಿ ತಾಲ್ಲೂಕಿನ ಎಡಿಎಲ್‌ಆರ್ (ಭೂದಾಖಲೆಗಳ ಸಹಾಯಕ ನಿರ್ದೇಶಕರ) ಕಚೇರಿಯಿಂದ ನಿಮ್ಮ ನಂಬರಿನ ಟಿಪ್ಪಣಿ ಮತ್ತು ಆಕಾರಬಂದ್‌ನ ದೃಢೀಕೃತ ನಕಲು ತೆಗೆಸಿ. ಗ್ರಾಮ ನಕ್ಷೆ ಭೂಮಾಪನ ಇಲಾಖೆಯ ಜಾಲತಾಣದಲ್ಲೇ ಸಿಗುತ್ತದೆ. ಪಕ್ಕದ ನಂಬರಿನ ಟಿಪ್ಪಣಿಯ ನಕಲನ್ನೂ ತೆಗೆಸಿ, ಇದನ್ನು ಬಹಳ ಜನ ಬಿಡುತ್ತಾರೆ. ನಿಮ್ಮಿಬ್ಬರ ನಡುವಿನ ಗಡಿ ಎರಡೂ ಟಿಪ್ಪಣಿಗಳಲ್ಲಿ ಇರುತ್ತದೆ. ಎರಡರಲ್ಲೂ ಅದರ ಉದ್ದ ಒಂದೇ ಬಂದರೆ ದಾಖಲೆ ಗಟ್ಟಿ. ಬಾರದಿದ್ದರೆ ಅಳತೆಗೆ ಮುಂಚೆಯೇ ಅದನ್ನು ಭೂಮಾಪಕರ ಗಮನಕ್ಕೆ ತರಬೇಕು.

ಆಮೇಲೆ ಭೂಮಾಪನ ಇಲಾಖೆಯ ಮೋಜಿಣಿ ವ್ಯವಸ್ಥೆಯಲ್ಲಿ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಿಕೊಡುವುದಕ್ಕೆ, ಅರ್ಜಿ ಹಾಕಿ. ಹೊಸ ಪಹಣಿ, ಗುರುತಿನ ಚೀಟಿ, ಚಕ್ಕುಬಂದಿಯ ನಾಲ್ಕೂ ಕಡೆಯವರ ಹೆಸರು ವಿಳಾಸ ಬೇಕಾಗುತ್ತದೆ. ಈ ವಿಳಾಸಗಳನ್ನು ಸರಿಯಾಗಿ ಕೊಡಿ. ನೋಟಿಸ್ ತಲುಪಿಲ್ಲ ಎಂಬ ಒಂದೇ ಕಾರಣಕ್ಕೆ ಮುಗಿದ ಅಳತೆಯನ್ನು ಮತ್ತೆ ಪ್ರಶ್ನಿಸುವುದುಂಟು.

ಅಳತೆಯ ದಿನ ಏನು ತಪ್ಪಾಗುತ್ತದೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಈಗ ಭೂಮಾಪಕರ ಕೈಗೆ ರೋವರ್ ಎಂಬ ಉಪಗ್ರಹ ಸಂಕೇತದ ಅಳತೆ ಉಪಕರಣ ಬಂದಿದೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಸ್ಥಿರ ಕೇಂದ್ರಗಳ ಜಾಲದಿಂದ ತಿದ್ದುಪಡಿ ಪಡೆದು ಅದು ಕೆಲವೇ ಸೆಂಟಿಮೀಟರ್ ಒಳಗೆ ಜಾಗ ತೋರಿಸುತ್ತದೆ. ಒಳ್ಳೆಯ ಉಪಕರಣ. ಆದರೆ ರೋವರ್‌ಗೆ ಗೊತ್ತಿರುವುದು ತಾನು ಎಲ್ಲಿ ನಿಂತಿದ್ದೇನೆ ಎಂಬುದಷ್ಟೇ, ನಿಮ್ಮ ಗಡಿ ಎಲ್ಲಿದೆ ಎಂಬುದಲ್ಲ. ಆಪ್‌ನ ಅಥವಾ ಇಲಾಖೆಯ ಪದರದ ಗೆರೆಯನ್ನು ರೋವರ್‌ಗೆ ತುಂಬಿ ನೆಲದ ಮೇಲೆ ಗುರುತು ಹಾಕಿದರೆ, 9 ಮೀಟರ್ ತಪ್ಪನ್ನು 3 ಸೆಂಟಿಮೀಟರ್ ನಿಖರವಾಗಿ ನೆಟ್ಟಂತಾಯಿತು. ಹೊಸ ಯಂತ್ರ ಅಂದ ಕೂಡಲೇ ಎರಡೂ ಕಡೆಯವರು ಅದನ್ನು ಒಪ್ಪಿಬಿಡುವುದು ಇನ್ನೂ ಅಪಾಯ. ಸರಿಯಾದ ಕ್ರಮ ಬೇರೆ. ಮೊದಲು ಸುತ್ತಮುತ್ತಲ ನಂಬರುಗಳಲ್ಲಿ ಅಲುಗಾಡದ ಹಳೆಯ ಬಾಂದು ಕಲ್ಲುಗಳನ್ನು ಹುಡುಕಬೇಕು, ಕನಿಷ್ಠ ಮೂರು. ಅವುಗಳ ನಡುವಿನ ದೂರವನ್ನು ರೋವರ್‌ನಲ್ಲಿ ಅಳೆದು ಟಿಪ್ಪಣಿಯ ಸರಪಳಿ ಆಣೆಗೆ ತಾಳೆ ನೋಡಬೇಕು. ಮೂರೂ ಕಲ್ಲು ಟಿಪ್ಪಣಿಗೆ ಹೊಂದಿದರೆ ಅಲ್ಲಿಂದ ನಿಮ್ಮ ಗಡಿಗೆ ಬರಬೇಕು. ಎರಡೇ ಕಲ್ಲು ಹಿಡಿದರೆ ಅವುಗಳಲ್ಲಿ ಒಂದು ಜರುಗಿದ್ದರೂ ಯಾವುದು ಜರುಗಿದೆ ಎಂದು ತಿಳಿಯುವುದಿಲ್ಲ. ಅದಕ್ಕೇ ಮೂರು.

ಇಂದಿನ ಬೇಲಿಯಿಂದ ಅಳತೆ ಶುರು ಮಾಡುವುದು, ಕೇವಲ ತಕರಾರಿನ ಬದಿಯನ್ನು ಅಳೆದು ಹೊರಡುವುದು ಇವೂ ತಪ್ಪು. ಸೌಜನ್ಯದಿಂದಲೇ ಕೇಳಿ: ಯಾವ ಕಲ್ಲಿನಿಂದ ಹಿಡಿದಿರಿ, ಪಕ್ಕದ ನಂಬರಿನ ಟಿಪ್ಪಣಿ ನೋಡಿದಿರಾ? ಕೆಲಸ ಬಲ್ಲ ಭೂಮಾಪಕರು ಈ ಪ್ರಶ್ನೆಗೆ ಬೇಸರ ಪಡುವುದಿಲ್ಲ. ಮಹಜರಿನಲ್ಲಿ, ಹದ್ದುಬಸ್ತು ನಕ್ಷೆಯಲ್ಲಿ ಆಧಾರವಾಗಿ ಹಿಡಿದ ಕಲ್ಲುಗಳು ನಮೂದಾಗಿವೆಯೇ ನೋಡಿ ಸಹಿ ಮಾಡಿ. ಒಪ್ಪಿಗೆ ಇಲ್ಲದಿದ್ದರೆ ಅದನ್ನೂ ಅಲ್ಲೇ ಬರೆಸಿ. ಅಳತೆ ತಪ್ಪೆನಿಸಿದರೆ ಮೇಲಿನ ಅಧಿಕಾರಿಗೆ, ಅಂದರೆ ಭೂದಾಖಲೆಗಳ ಉಪ ನಿರ್ದೇಶಕರಿಗೆ ಹೋಗಬಹುದು. ಹಕ್ಕು, ಸ್ವಾಧೀನದ ಪ್ರಶ್ನೆಯಾದರೆ ಅದು ಸಿವಿಲ್ ನ್ಯಾಯಾಲಯದ ವಿಷಯ.

ಹಾಗಾದರೆ ಸರ್ಕಾರ ಈ ನಕ್ಷೆಯನ್ನು ಯಾಕೆ ಬಳಸುತ್ತದೆ ಎಂದು ಕೇಳುತ್ತೀರಿ. ಯಾಕೆಂದರೆ ಬಹಳ ಕೆಲಸಗಳಿಗೆ 10 ಮೀಟರ್ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ. ಹೊಸ ರಸ್ತೆ ಅಥವಾ ವಿದ್ಯುತ್ ಮಾರ್ಗ ಯಾವ ಯಾವ ಸರ್ವೆ ನಂಬರುಗಳ ಮೇಲೆ ಹಾಯುತ್ತದೆ ಎಂದು ಪಟ್ಟಿ ಮಾಡಲು ಹಿಂದೆ ತಿಂಗಳುಗಟ್ಟಲೆ ಬೇಕಿತ್ತು, ಈಗ ಪದರ ಮೇಲೆ ಪದರ ಇಟ್ಟರೆ ಒಂದು ದಿನದ ಕೆಲಸ. ಪರಿಹಾರದ ಲೆಕ್ಕಕ್ಕೆ ಮಾತ್ರ ಆಮೇಲೆ ನೆಲದ ಮೇಲೆ ಜಂಟಿ ಅಳತೆ ಆಗಲೇಬೇಕು. ಸರ್ಕಾರಿ ಜಮೀನು ಕಾಯಲು ಗ್ರಾಮ ಆಡಳಿತಾಧಿಕಾರಿಗಳು ಬಳಸುವ ಲ್ಯಾಂಡ್ ಬೀಟ್ ಆಪ್ ಕೂಡ ಇದೇ ಬಗೆಯದು. ಅನುಮಾನದ ಜಾಗ ಗುರುತಿಸಲು ಅದು ಸಾಕು, ಒತ್ತುವರಿ ಎಂದು ತೆರವು ಮಾಡಲು ಸಾಲದು. ಹಳ್ಳ, ದಾರಿಗೆಂದು ಬಿಟ್ಟ ಬ ಖರಾಬಿನ ಮೇಲೆ ನೀವಿದ್ದೀರಿ ಎಂದು ಯಾರಾದರೂ ಆಪ್‌ನ ಚಿತ್ರ ಮುದ್ರಿಸಿ ನೋಟಿಸ್ ಕೊಟ್ಟರೆ, ಟಿಪ್ಪಣಿ ಆಧಾರದ ಅಳತೆ ನಕ್ಷೆ ಕೊಡಿ ಎಂದು ಲಿಖಿತವಾಗಿ ಕೇಳಿ.

ಯಾರಾದರೂ ಎಂಜಿನಿಯರ್ ನಿಮಗೆ ಬೇರೆ ಸಾಫ್ಟ್‌ವೇರಿನಲ್ಲಿ ಈ ಗೆರೆ ಹಾಕಿ ಕೊಟ್ಟರೆ ಇನ್ನೊಂದು ಎಚ್ಚರ. ಅಕ್ಷಾಂಶ ರೇಖಾಂಶ ಲೆಕ್ಕ ಹಾಕಲು ಭೂಮಿಯ ಆಕಾರವನ್ನು ಬೇರೆ ಬೇರೆಯಾಗಿ ಹಿಡಿಯುತ್ತಾರೆ: ಹಳೆಯ ಟೋಪೊ ಹಾಳೆಗಳವು (ಭಾರತೀಯ ಸರ್ವೇಕ್ಷಣಾ ಇಲಾಖೆಯ ನಕ್ಷೆಗಳವು) ಎವರೆಸ್ಟ್ ಲೆಕ್ಕದವು, ಮೊಬೈಲಿನವು ಡಬ್ಲ್ಯುಜಿಎಸ್-84 ಲೆಕ್ಕದವು. ಒಂದನ್ನು ಇನ್ನೊಂದೆಂದು ಹಾಕಿದರೆ ಗೆರೆ ನಮ್ಮ ಕಡೆ ನೂರು ಮೀಟರಿಗೂ ಹೆಚ್ಚು ಓಡುತ್ತದೆ. ನಕ್ಷೆಗಾಗಿ ಭೂಮಿಯನ್ನು ಉದ್ದುದ್ದ ಪಟ್ಟಿಗಳಾಗಿ ಹಂಚಿದ ಯುಟಿಎಂ ಲೆಕ್ಕದಲ್ಲಿ ರಾಜ್ಯದ ಬಹುಭಾಗ 43ನೇ ವಲಯ. 78 ಡಿಗ್ರಿ ರೇಖಾಂಶದ ಪೂರ್ವಕ್ಕಿರುವ ಕೋಲಾರದ ಕಡೆ 44. ವಲಯ ತಪ್ಪಿದರೆ ಜಮೀನು ಬೇರೆ ರಾಜ್ಯದಲ್ಲೋ ಸಮುದ್ರದಲ್ಲೋ ಬಿದ್ದಿರುತ್ತದೆ, ಅದು ಕೂಡಲೇ ಕಾಣುತ್ತದೆ. ಸಣ್ಣ ತಪ್ಪುಗಳೇ ಕಣ್ಣಿಗೆ ಬೀಳದೆ ಉಳಿಯುವುದು.

ಇನ್ನು ಬೆಳೆ ಸಮೀಕ್ಷೆ. ಇದನ್ನು ಮಾತ್ರ ಹದ್ದುಬಸ್ತಿನವರೆಗೆ ಕಾಯದೆ ಈಗಲೇ ಸರಿ ಮಾಡಿಸಿ. ಯಾಕೆಂದರೆ ವಿಮೆ, ಬೆಳೆ ಪರಿಹಾರ, ಪಹಣಿಯ ಬೆಳೆ ಕಾಲಂ ಮೂರೂ ಇದರ ಮೇಲೆ ನಿಂತಿವೆ. ಸಮೀಕ್ಷೆಯ ಆಪ್ ಇದೇ ಗಡಿ ಪದರವನ್ನು ಹಿಡಿದು, ಗೆರೆಯ ಒಳಗೆ ನಿಂತರೆ ಮಾತ್ರ ಫೋಟೊ ತೆಗೆಯಲು ಬಿಡುತ್ತದೆ. 20 ಗುಂಟೆಯ ಚೌಕ ಜಮೀನಿನ ಒಂದು ಬದಿ ಸುಮಾರು 45 ಮೀಟರ್. ನಕ್ಷೆ 9 ಮೀಟರ್ ಜರುಗಿದರೆ ಐದನೇ ಒಂದು ಭಾಗ ಹೊರಗೆ ಬಿತ್ತು. ಸಣ್ಣ ಹಿಡುವಳಿದಾರರಿಗೇ ಇದರ ಪೆಟ್ಟು ಹೆಚ್ಚು, ಮತ್ತು ಇದು ಇಲಾಖೆ ತಿದ್ದಲೇಬೇಕಾದ ದೋಷ ಎಂಬುದು ನನ್ನ ಖಚಿತ ಅಭಿಪ್ರಾಯ. ಗೆರೆಗೆ ಎರಡೂ ಕಡೆ 10 ಮೀಟರ್ ರಿಯಾಯಿತಿ ಕೊಟ್ಟು, ಅಂಥ ಫೋಟೊಗಳನ್ನು ಬೇರೆಯಾಗಿ ಪರಿಶೀಲಿಸಿದರೆ ಸಾಕು.

ಸದ್ಯಕ್ಕೆ ಸಮೀಕ್ಷೆಯ ಹುಡುಗನಿಗೆ ಬೇಲಿಯ ಬದಿ ಬಿಟ್ಟು ತೋಟದ ನಡುವೆ ನಿಂತು ಫೋಟೊ ತೆಗೆಯಲು ಹೇಳಿ. ನಕ್ಷೆ ಜರುಗಿದ್ದರೂ ನಡುಭಾಗ ಗೆರೆಯೊಳಗೇ ಇರುತ್ತದೆ. ಬೆಳೆ ದರ್ಶಕ್ ಆಪ್‌ನಲ್ಲಿ ನಿಮ್ಮ ಮತ್ತು ಪಕ್ಕದವರ ನಂಬರಿಗೆ ಏನು ದಾಖಲಾಗಿದೆ ನೋಡಿ. ನಿಮ್ಮ ತೆಂಗು ಅವರ ನಂಬರಿಗೆ ಹೋಗಿದ್ದರೆ ಅದರಲ್ಲೇ ಆಕ್ಷೇಪಣೆ ಹಾಕಿ, ಅದರ ಪ್ರತಿಯೊಂದಿಗೆ ಗ್ರಾಮ ಆಡಳಿತಾಧಿಕಾರಿಯವರಿಗೆ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆಕ್ಷೇಪಣೆಗೆ ಗಡುವು ಇರುತ್ತದೆ, ಈ ವಾರವೇ ನೋಡಿ.